ಯು ಇಲ್ಲದ ಕ್ಯೂ: ಚಿಕ್ಕ ಪದಗಳನ್ನು ಅರ್ಥ ಹಿಡಿದು ಕಲಿತ ನನ್ನ ಅನುಭವ

ಅಕ್ಷರದ ಬಿಲ್ಲೆಗಳಿಂದ ಹಲಗೆಯ ಮೇಲೆ ಪದ ಕಟ್ಟುವ ಸ್ಕ್ರ್ಯಾಬಲ್ ಆಟಕ್ಕಾಗಿ ಇಂಗ್ಲಿಷಿನ ಕ್ಯೂ, ಝಡ್, ಜೆ, ಎಕ್ಸ್ ಅಕ್ಷರಗಳ ಚಿಕ್ಕ ಪದಗಳನ್ನು ಅರ್ಥಸಮೇತ ಕಲಿಯುತ್ತೇನೆಂದಾಗ ಬೆಂಗಳೂರಿನ ನನ್ನ ಆಟದ ಮಿತ್ರರು ಯಾರೂ ಒಪ್ಪಲಿಲ್ಲ. ಅರ್ಥ ಬೇಕಿಲ್ಲ, ಉರು ಹೊಡೆದರೆ ಸಾಕು ಎಂಬ ಅವರ ವಾದಕ್ಕೆ ಗಟ್ಟಿಯಾದ ಆಧಾರವಿತ್ತು. ನ್ಯೂಜಿಲೆಂಡ್‌ನ ನೈಜೆಲ್ ರಿಚರ್ಡ್ಸ್ ಅವರು ಫ್ರೆಂಚ್ ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು; 2024ರಲ್ಲಿ ಸ್ಪ್ಯಾನಿಷ್‌ನಲ್ಲಿಯೂ ಗೆದ್ದರು. ಆದರೆ ಅಂತಹ ಸ್ಮರಣಶಕ್ತಿ ಕೋಟಿಗೊಬ್ಬರಿಗೆ ಒಲಿಯುವಂಥದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ನನ್ನದೇ ದಾರಿ ಬೇಕಿತ್ತು, ಈ ವರ್ಷ ಅದು ಫಲ ಕೊಟ್ಟಿದೆ.

ಅದಕ್ಕೂ ಮೊದಲು ಹಣ ಹೋದ ದಾರಿಗಳನ್ನು ಹೇಳಬೇಕು. ಆಟದಲ್ಲಿ ಒಪ್ಪುವ ಪದಗಳ ಪಟ್ಟಿಯಾದ ಕಾಲಿನ್ಸ್ ಪದಪುಸ್ತಕಕ್ಕೆ 1,500 ರೂಪಾಯಿಯ ಆಸುಪಾಸು, ಮೊಬೈಲ್ ಆ್ಯಪ್‌ನ ಚಂದಾಕ್ಕೆ ವರ್ಷಕ್ಕೆ 2,000ದ ಹತ್ತಿರ, ಕಾರ್ಡುಗಳ ಮುದ್ರಣಕ್ಕೆ ಇನ್ನೊಂದು ಸಾವಿರ ಖರ್ಚಾಯಿತು. ಹೊರ ಊರಿನ ಪಂದ್ಯಾವಳಿಯೊಂದಕ್ಕೆ ಪ್ರವೇಶ ಶುಲ್ಕ, ರೈಲು, ವಸತಿ ಸೇರಿ ಐದಾರು ಸಾವಿರವಾದರೂ ಬೇಕು. ಆ ಪಟ್ಟಿಯ ಎರಡಕ್ಷರದ 127 ಪದಗಳು ಉರು ಹೊಡೆದಾದರೂ ಬಂದವು. ಮೂರಕ್ಷರದವು ಸಾವಿರಕ್ಕೂ ಹೆಚ್ಚು. ಅಕಾರಾದಿಯಾಗಿ ಬರೆದದ್ದು ಎರಡು ವಾರದಲ್ಲಿ ಕಲಸಿಹೋಗುತ್ತಿತ್ತು. ಆ್ಯಪ್‌ನಲ್ಲಿ ನೂರಕ್ಕೆ ತೊಂಬತ್ತು ಸರಿ ಬರುತ್ತಿತ್ತಾದರೂ, ಪಂದ್ಯದಲ್ಲಿ ಒಬ್ಬೊಬ್ಬರಿಗೆ ಸಿಗುವ ಇಪ್ಪತ್ತೈದು ನಿಮಿಷದ ಗಡಿಯಾರ ಓಡುತ್ತಿರುವಾಗ ಆ ಪದ ನಿಜವಾಗಿಯೂ ಇದೆಯೇ ಎಂಬ ಅನುಮಾನ ಬಿಡುತ್ತಿರಲಿಲ್ಲ. ನಂಬಿಕೆ ಸಾಲದೆ ಕ್ಯೂ ಕೈಯಲ್ಲೇ ಉಳಿದು, ಕೊನೆಯಲ್ಲಿ ಎದುರಾಳಿಗೆ ಇಪ್ಪತ್ತು ಅಂಕ ಬಿಟ್ಟುಕೊಟ್ಟ ಆಟಗಳು ಹಲವು.

ದಾರಿ ತೆರೆದದ್ದು ಕ್ಯೂ ಪಟ್ಟಿಯಲ್ಲಿಯೇ. ಕ್ಯೂ ನಂತರ ಯು ಬಾರದ ಪದಗಳನ್ನು ಅಕ್ಷರದ ಕ್ರಮ ಬಿಟ್ಟು, ಅವು ಇಂಗ್ಲಿಷಿಗೆ ಬಂದ ನಾಡಿನ ಪ್ರಕಾರ ಅರವತ್ತು ರೂಪಾಯಿಯ ಒಂದು ನೋಟ್‌ಬುಕ್‌ನಲ್ಲಿ ಬರೆದೆ. ಅರಬ್ಬಿಯ 'ಕಾಫ್' ಅಕ್ಷರಕ್ಕೆ ಇಂಗ್ಲಿಷ್ ಬರಹಗಾರರು ಕ್ಯೂ ಬಳಸಿದ್ದರಿಂದ ಅತಿ ದೊಡ್ಡ ಗುಂಪು ಆ ಕಡೆಯದು, ಮತ್ತು ಅದರ ಬಹುಪಾಲು ಕನ್ನಡಿಗರಿಗೆ ಆಗಲೇ ಗೊತ್ತು: ಫಕೀರ, ಖಾಜಿ, ಬುರ್ಖಾ, ತಲಾಖ್, ವಕ್ಫ್, ಕವ್ವಾಲಿ. ನೆಲದಡಿಯ ನೀರಿನ ಕಾಲುವೆಯಾದ 'ಕನಾತ್' ನನಗೆ ಎಂದೂ ನೆನಪುಳಿಯುತ್ತಿರಲಿಲ್ಲ. ಬೀದರಿನಲ್ಲಿರುವ ಬಹಮನಿ ಕಾಲದ ಕರೇಜ್ ಅದೇ ಬಗೆಯ ರಚನೆ ಎಂದು ಬರೆದುಕೊಂಡ ಮೇಲೆ ಒಮ್ಮೆಯೂ ತಪ್ಪಿಲ್ಲ. ಚೀನಾದ ಪ್ರಾಣಶಕ್ತಿ ಕ್ಯೂ-ಐ ಮತ್ತು ಉಸಿರಾಟದ ವ್ಯಾಯಾಮ 'ಚಿಗಾಂಗ್' ಒಂದು ಮನೆ, ಹಿಮಪ್ರದೇಶದ ಇನ್ಯೂಟ್ ಜನರ ದೋಣಿಗಳು ಇನ್ನೊಂದು, ಹೀಬ್ರೂ ಅಕ್ಷರ ಮತ್ತೊಂದು. ಯೆಮೆನ್‌ನಲ್ಲಿ ಜಗಿಯುವ ಸೊಪ್ಪು ಕ್ಯೂ-ಎ-ಟಿ ಅರಬ್ಬಿ ಮನೆಗೇ ಸೇರಿತು.

ಅರ್ಥದಿಂದ ಬಂದ ದೊಡ್ಡ ಲಾಭವೆಂದರೆ, ಪದದ ಕೊನೆಗೆ ಬಹುವಚನದ ಎಸ್ ಸೇರುತ್ತದೆಯೇ ಎಂಬುದು ತಾನಾಗಿ ತಿಳಿಯುವುದು. ಎ-ಎ ಎಂಬುದು ಹವಾಯಿಯ ಒರಟು ಲಾವಾ, ಎ-ಐ ಮೂರು ಬೆರಳಿನ ಸ್ಲಾತ್ ಎಂಬ ಪ್ರಾಣಿ, ಒ-ಇ ಫ್ಯಾರೋ ದ್ವೀಪಗಳ ಸುಂಟರಗಾಳಿ. ಮೂರೂ ನಾಮಪದಗಳು, ಮೂರೂ ಎಸ್ ಪಡೆಯುತ್ತವೆ. ಎ-ಇ ಸ್ಕಾಟ್ಲೆಂಡಿನ 'ಒಂದು', ಆದ್ದರಿಂದ ಪಡೆಯುವುದಿಲ್ಲ. ಕೆ-ವೈ ಎಂದರೆ ಅದೇ ನಾಡಿನ ಮಾತಿನಲ್ಲಿ ಹಸುಗಳು, ಆಗಲೇ ಬಹುವಚನ. ಅದಕ್ಕೂ ಎಸ್ ಇಲ್ಲ. ಉರು ಹೊಡೆಯುವವರು ಇವನ್ನು ಬೇರೆ ಬೇರೆ ನಿಯಮಗಳಾಗಿ ಹೊರಬೇಕು, ನನಗೆ ಅವು ಅರ್ಥದ ಜೊತೆಯಲ್ಲೇ ಬರುತ್ತವೆ.

ಝಡ್ ಪಟ್ಟಿಯಲ್ಲಿ ಟಿಬೆಟ್ ಕಡೆಯ ಯಾಕ್–ಹಸುವಿನ ಮಿಶ್ರತಳಿಯೊಂದೇ ಐದು ಪದ ಕೊಡುತ್ತದೆ: ಝಡ್-ಒ, ಝಡ್-ಎಚ್-ಒ, ಡಿ-ಝಡ್-ಒ, ಡಿ-ಎಸ್-ಒ, ಡಿ-ಝಡ್-ಎಚ್-ಒ. ಒಂದು ಪ್ರಾಣಿಯನ್ನು ನೆನೆದರೆ ಐದೂ ಸಾಲಾಗಿ ಬರುತ್ತವೆ. ಜೆ ಪಟ್ಟಿಯಲ್ಲಿ ಹಲಸಿನ ಜೆ-ಎ-ಕೆ, ಹಿಂದೂಸ್ತಾನಿ ಆಲಾಪದ ನಂತರದ 'ಜೋಡ್' ಆದ ಜೆ-ಒ-ಆರ್, ನಮ್ಮ 'ಜೈ', ಇವನ್ನು ಕಲಿಯುವ ಕೆಲಸವೇ ಇರಲಿಲ್ಲ. ಎಕ್ಸ್ ಪಟ್ಟಿ ಮಾತ್ರ ಈ ದಾರಿಗೆ ಪೂರ್ತಿ ಒಗ್ಗಲಿಲ್ಲ. ಅದರ ಅರ್ಧವನ್ನು ಹಳೆಯ ರೀತಿಯಲ್ಲಿಯೇ ಕಲಿತೆ.

ಈ ನಡುವೆ, ಸ್ವರವಿಲ್ಲದ ಪದಗಳ ಮೇಲೂ ಒಂದು ತಿಂಗಳು ಕಳೆದೆ. ಸಿ-ಡಬ್ಲ್ಯೂ-ಎಂ ವೇಲ್ಸ್ ಭಾಷೆಯಿಂದ ಬಂದ ಪರ್ವತ ಕಣಿವೆಯ ಹೆಸರು. ಎವರೆಸ್ಟ್ ಏರುವ ದಾರಿಯ ವೆಸ್ಟರ್ನ್ ಕೂಮ್‌ಗೆ 1921ರಲ್ಲಿ ಪರ್ವತಾರೋಹಿ ಜಾರ್ಜ್ ಮ್ಯಾಲರಿ ಕೊಟ್ಟ ಹೆಸರು ಅದೇ. ಅಂಕಕ್ಕಿಂತ ಹೆಚ್ಚಾಗಿ, ಕೈಗೆ ಬಂದ ಅಕ್ಷರಗಳ ಕೆಟ್ಟ ರ್‍ಯಾಕ್‌ನಿಂದ ಪಾರಾಗಲು ಅದು ಉಪಯೋಗಕ್ಕೆ ಬಂತು. ಪದಗಳನ್ನು ಧ್ವನಿಮುದ್ರಿಸಿ ಬಸ್ಸಿನಲ್ಲಿ ಕೇಳುವ ಪ್ರಯೋಗ ಸಾಗಲಿಲ್ಲ. ಬರೆದಂತೆ ಉಚ್ಚರಿಸದ ಪದಗಳಿಗೆ ಕಿವಿಯಿಂದ ಸಹಾಯವಿಲ್ಲ.

ಕಳೆದ ಪಂದ್ಯಾವಳಿಯಲ್ಲಿ, ಅರ್ಥದ ಹುಚ್ಚು ಬಿಡಿ ಎಂದು ಹೇಳಿದ್ದ ಹಿರಿಯ ಆಟಗಾರರೇ ಎದುರಿಗೆ ಕುಳಿತರು. ಸಮಯದ ಒತ್ತಡದಲ್ಲಿ ಅವರು ಕೆ-ವೈಗೆ ಎಸ್ ಸೇರಿಸಿದರು. ನಾನು ಕ್ಷಣವೂ ಯೋಚಿಸದೆ, ಅಂಥ ಪದವಿಲ್ಲ ಎಂದು ಚಾಲೆಂಜ್ ಮಾಡಿದೆ. ಪದ ಬಿತ್ತು, ಅವರ ಸರದಿ ಹೋಯಿತು. ಮುಂದಿನ ನಡೆಯಲ್ಲಿಯೇ ಅಕ್ಷರದ ಅಂಕ ಮೂರು ಪಟ್ಟಾಗುವ ಟ್ರಿಪಲ್ ಲೆಟರ್ ಚೌಕದಲ್ಲಿ ಕ್ಯೂ ಇಟ್ಟು ಅಡ್ಡಕ್ಕೂ ಉದ್ದಕ್ಕೂ ಕ್ಯೂ-ಐ ಮಾಡಿ 62 ಅಂಕ ಪಡೆದೆ. ಹಿಂದೆ 340ರ ಹತ್ತಿರವಿದ್ದ ಒಂದು ಆಟದ ನನ್ನ ಸರಾಸರಿ ಅಂಕ ಈಗ 390 ದಾಟಿದೆ. ಮೊದಲ ಹತ್ತರಲ್ಲಿ ಸ್ಥಾನ ಸಿಕ್ಕಿತು, ಬಹುಮಾನದ ಹಣದಲ್ಲಿ ಆ ಸಲದ ರೈಲು ಖರ್ಚು ಹುಟ್ಟಿತು. ಆ ಹಿರಿಯರು ಈಗ ನನ್ನ ನೋಟ್‌ಬುಕ್ ಕೇಳಿದ್ದಾರೆ.

ಕ್ಯೂ ಮತ್ತು ಝಡ್ ಪುಟಗಳನ್ನು ಸಂತೋಷದಿಂದ ಕೊಡುತ್ತೇನೆ. ಯಾವ ಪದದ ಮುಂದೆ ಯಾವ ಅಕ್ಷರ ಕೂಡುತ್ತದೆ ಎಂಬುದಕ್ಕೆ ನಾನು ಕಟ್ಟಿಕೊಂಡಿರುವ ಕನ್ನಡ ವಾಕ್ಯಗಳನ್ನು ಮಾತ್ರ ಮುಂದಿನ ಪಂದ್ಯಾವಳಿ ಮುಗಿಯುವವರೆಗೆ ಯಾರಿಗೂ ತೋರಿಸುವುದಿಲ್ಲ.