ಎರಡು ಪಿಎನ್‌ಆರ್, ಟ್ರಾನ್ಸಿಟ್ ವೀಸಾ ಇಲ್ಲ: ನನ್ನ ಅನುಭವ

ಬೇರೆ ಬೇರೆ ಕಂಪನಿಯ ಎರಡು ಟಿಕೆಟ್ ಜೋಡಿಸಿಕೊಂಡು, ನಡುವಿನ ದೇಶದ ವೀಸಾ ಇಲ್ಲದೆ, ಟ್ರಾನ್ಸಿಟ್ ಜಾಗದೊಳಗೇ (ಇಮಿಗ್ರೇಷನ್ ದಾಟದೆ ವಿಮಾನ ಬದಲಿಸುವ ಜಾಗ) ಇದ್ದು ದಾಟುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಚೆಕ್-ಇನ್‌ನಲ್ಲೇ ವಾಪಸ್ ಕಳಿಸುತ್ತಾರೆ ಅಂದರು. ಈಗ ಆರಾಮಾಗಿ ದಾಟುತ್ತಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿರುವುದು.

ಮೊದಲು ದುಡ್ಡು ಹೋದ ಕಥೆ. ಕೌಂಟರ್‌ನಲ್ಲಿ ಬ್ಯಾಗ್ ತೂಕಕ್ಕೆ ಇಟ್ಟೆ. ಟ್ಯಾಗ್ ನಡುವಿನ ಊರಿನವರೆಗೆ ಮಾತ್ರ ಬಂತು. ಅಲ್ಲಿ ಇಮಿಗ್ರೇಷನ್ ದಾಟಿ ಬ್ಯಾಗ್ ತೆಗೆದುಕೊಳ್ಳಬೇಕಲ್ವಾ, ವೀಸಾ ಎಲ್ಲಿ ಅಂದರು. ಸೂಪರ್‌ವೈಸರ್ ಬಂದು ಸ್ಕ್ರೀನ್ ನನ್ನ ಕಡೆ ತಿರುಗಿಸಿ, ಟೈಮ್ಯಾಟಿಕ್‌ನ (ವಿಮಾನ ಕಂಪನಿಗಳು ವೀಸಾ ನಿಯಮ ನೋಡುವ ಡೇಟಾಬೇಸ್) ಒಂದು ಸಾಲಿನ ಮೇಲೆ ಪೆನ್ನಿಟ್ಟು ತೋರಿಸಿದರು. ಅಷ್ಟೇ, ಹತ್ತಲು ಬಿಡಲಿಲ್ಲ. ಎರಡನೇ ಟಿಕೆಟ್ ನೋ-ಶೋ, ಅಂದರೆ ಪ್ರಯಾಣಿಕ ಬರಲೇ ಇಲ್ಲ ಅಂತ ರದ್ದು. ಎರಡೂ ಸೇರಿ ಆರು ನೂರು ಡಾಲರ್ ಹತ್ತಿರ ಹೋಯಿತು.

ಮುಂದಿನ ಸಲ ಬರೀ ಕ್ಯಾಬಿನ್ ಬ್ಯಾಗ್. ಆದರೆ ಎರಡನೇ ಕಂಪನಿಯ ಆ್ಯಪ್ ಬೋರ್ಡಿಂಗ್ ಪಾಸ್ ಕೊಡಲಿಲ್ಲ, ದಾಖಲೆ ನೋಡಬೇಕು, ಕೌಂಟರ್‌ಗೆ ಬನ್ನಿ ಅಂತ ಬಂತು. ಆ ಕೌಂಟರ್ ಇದ್ದದ್ದು ಇಮಿಗ್ರೇಷನ್ ಆಚೆ. ಮತ್ತೆ ಟಿಕೆಟ್ ದುಡ್ಡು ದಂಡ. ಇನ್ನೊಮ್ಮೆ ವಿಮಾನದ ಸಮಯ ಬದಲಾಗಿ ಟರ್ಮಿನಲ್ಲೇ ಬೇರೆಯಾಯಿತು, ಆ ಎರಡು ಟರ್ಮಿನಲ್ ನಡುವೆ ಒಳದಾರಿ ಇರಲಿಲ್ಲ.

ಕೌಂಟರ್‌ನವರ ಮೇಲೆ ಸುಮ್ನೆ ಸಿಟ್ಟಾಗಬೇಡಿ. ಕಾಗದ ಸರಿಯಿಲ್ಲದವರನ್ನು ಕರೆದೊಯ್ದರೆ ಕಂಪನಿಗೇ ದಂಡ ಬೀಳುತ್ತದೆ, ವಾಪಸ್ ಕರೆತರುವ ಖರ್ಚೂ ಅವರದೇ.

ಕೊನೆಗೆ ಕೆಲಸ ಮಾಡಿದ್ದು ಹೀಗೆ. ಕ್ಯಾಬಿನ್ ಬ್ಯಾಗ್ ಬಿಟ್ಟರೆ ಬೇರೇನೂ ಇಲ್ಲ. ಎರಡನೇ ವಿಮಾನದ ಬೋರ್ಡಿಂಗ್ ಪಾಸ್ ಮನೆಯಿಂದ ಹೊರಡುವ ಮುಂಚೆಯೇ ಕೈಯಲ್ಲಿರಬೇಕು, ಇಲ್ಲವಾದರೆ ಆ ಕಂಪನಿಗೆ ಟ್ರಾನ್ಸಿಟ್ ಜಾಗದ ಒಳಗೇ ಟ್ರಾನ್ಸ್‌ಫರ್ ಡೆಸ್ಕ್ ಇರಬೇಕು, ಮತ್ತು ಆ ಡೆಸ್ಕ್ ಬೇರೆ ಟಿಕೆಟ್‌ನವರಿಗೂ ಪಾಸ್ ಕೊಡುತ್ತದಾ ಅಂತ ಫೋನ್ ಮಾಡಿ ಕೇಳಿರಬೇಕು. ಟೈಮ್ಯಾಟಿಕ್‌ನಲ್ಲಿ ಪಾಸ್‌ಪೋರ್ಟ್, ನಡುವಿನ ನಿಲ್ದಾಣ, ಕೊನೆಯ ದೇಶ ಎಲ್ಲ ಹಾಕಿ ಬಂದದ್ದನ್ನು ಪ್ರಿಂಟ್ ತೆಗೆಯುತ್ತೇನೆ. 'ವೀಸಾ ಬೇಕಿಲ್ಲ' ಅನ್ನುವ ಸಾಲಿನ ಕೆಳಗಿನ ಷರತ್ತುಗಳಲ್ಲೇ ಎಲ್ಲ ಇರುವುದು: ಇಷ್ಟು ಗಂಟೆಯೊಳಗೆ, ಅದೇ ನಿಲ್ದಾಣದಿಂದ, ಖಚಿತ ಟಿಕೆಟ್ ಇದ್ದರೆ ಅಂತ. ಕೌಂಟರ್‌ನಲ್ಲಿ ಯಾವ ಕಾಗದ ಮೊದಲು ಇಡುತ್ತೇನೆ, ಏನು ಹೇಳಿ ಇಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಹೇಳಲು ಶುರು ಮಾಡಿದರೆ ಕೆಟ್ಟುಹೋಗುತ್ತದೆ.

ಮಧ್ಯೆ ಒಂದು ಪ್ರಯೋಗ. ದೊಡ್ಡ ಬ್ಯಾಗನ್ನೂ ಹಾಕಿ, ಟ್ರಾನ್ಸ್‌ಫರ್ ಡೆಸ್ಕ್‌ನಲ್ಲಿ ಟ್ಯಾಗ್ ಚೀಟಿ ತೋರಿಸಿ, ನೀವೇ ತೆಗೆದು ಎರಡನೇ ವಿಮಾನಕ್ಕೆ ಹಾಕಿಸಿ ಅಂದೆ. ಮೂರು ಗಂಟೆ ಕೂರಿಸಿ ಮಾಡಿಕೊಟ್ಟರು! ಇನ್ನೊಂದು ನಿಲ್ದಾಣದಲ್ಲಿ ಅದೇ ಕೇಳಿದ್ದಕ್ಕೆ ಮುಖ ನೋಡಿ ನಕ್ಕರು. ನಂಬಿ ಹೋಗುವಂಥದ್ದಲ್ಲ.

ಅಮೆರಿಕದ ಮೇಲೆ ಇದನ್ನು ಮಾಡಲು ಹೋಗಲೇಬೇಡಿ. ಅಲ್ಲಿ ಇಳಿದವರೆಲ್ಲ ಇಮಿಗ್ರೇಷನ್ ದಾಟಲೇಬೇಕು, ಒಂದೇ ಟಿಕೆಟ್ ಆದರೂ ಅಷ್ಟೇ. ವೀಸಾ ಬೇಕಾದ ಪಾಸ್‌ಪೋರ್ಟ್ ಆದರೆ ಟ್ರಾನ್ಸಿಟ್‌ಗೇ ಸಿ ವೀಸಾ, ನಾನು ನೋಡಿದಾಗ 185 ಡಾಲರ್. ಕೆನಡಾದ ಟ್ರಾನ್ಸಿಟ್ ವೀಸಾಕ್ಕೆ ಶುಲ್ಕವೇ ಇಲ್ಲ, 48 ಗಂಟೆಯೊಳಗೆ ದಾಟಬೇಕು, ಆದರೆ ಅರ್ಜಿ ಹಾಕಿ ಕಾಯಬೇಕು.

ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಸ್ವಲ್ಪ ಜಟಿಲ. ಎ ವೀಸಾ (ಅಲ್ಲಿನ ವಿಮಾನ ನಿಲ್ದಾಣದ ಟ್ರಾನ್ಸಿಟ್ ವೀಸಾ) ಇದ್ದರೂ ಒಂದು ನಿಲ್ದಾಣದ ಟ್ರಾನ್ಸಿಟ್ ಜಾಗದೊಳಗೆ ಮಾತ್ರ ನಡೆಯುತ್ತದೆ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಪ್ಯಾರಿಸ್‌ಗೆ ಹೋಗಿ ಅಲ್ಲಿಂದ ಹೊರಗೆ ಹಾರುವುದಾದರೆ ಷೆಂಗೆನ್ ಒಳಗೆ ಕಾಲಿಟ್ಟಂತೆಯೇ, ಅದಕ್ಕೆ ಸಿ ವೀಸಾ (ಷೆಂಗೆನ್‌ನ ಅಲ್ಪಾವಧಿ ವೀಸಾ, ಅಮೆರಿಕದ ಸಿ ಅಲ್ಲ) ಬೇಕು. ಎ ಇರಲಿ ಸಿ ಇರಲಿ ಶುಲ್ಕ ಒಂದೇ, 2024ರಿಂದ 90 ಯೂರೋ. ಎ ವೀಸಾ ಬೇಕಾದ ಪಾಸ್‌ಪೋರ್ಟ್ ಇದ್ದರೂ ಅಮೆರಿಕ, ಕೆನಡಾ ಅಥವಾ ಜಪಾನಿನ ಚಾಲ್ತಿ ವೀಸಾ ಹೊಂದಿದವರಿಗೆ ಅದು ಬೇಕಿಲ್ಲ. ಇದು ಎಷ್ಟೋ ಜನ ನೋಡುವುದೇ ಇಲ್ಲ, ಸುಮ್ನೆ 90 ಯೂರೋ ಕಟ್ಟುತ್ತಾರೆ.

ಒಂದು ಸಲಕ್ಕೆ ನೂರೈವತ್ತರಿಂದ ಇನ್ನೂರು ಡಾಲರ್ ಉಳಿಯುತ್ತದೆ, ಹಳೆಯ ನಷ್ಟ ಯಾವತ್ತೋ ತೀರಿತು. ರಾತ್ರಿ ಟ್ರಾನ್ಸಿಟ್ ಜಾಗ ಮುಚ್ಚುವ ನಿಲ್ದಾಣಗಳಲ್ಲಿ ಮಾತ್ರ ಈಗಲೂ ಒಂದೇ ಟಿಕೆಟ್ ತೆಗೆಯುತ್ತೇನೆ, ಅದೂ ಹಗಲಿನ ವಿಮಾನಕ್ಕೆ.