ನ್ಯೂಜರ್ಸಿಯ ಹಿತ್ತಿಲಲ್ಲಿ ಬಿತ್ತನೆಯ ಹದ: ನಮ್ಮ ಜಿಲ್ಲೆಯಿಂದ ಹೊಸದಾಗಿ ಹೋದವರಿಗೆ

ರಜೆಯ ಮೇಲೆ ಕುಮಟಾದ ಮನೆಗೆ ಬಂದಿದ್ದೇನೆ. ಮುಂದಿನ ತಿಂಗಳು ನ್ಯೂಜರ್ಸಿಗೆ ಕೆಲಸಕ್ಕೆ ಹೊರಟಿರುವ ಅಣ್ಣನ ಮಗನ ಪೆಟ್ಟಿಗೆಗೆ ಹಾಕಲೆಂದು ಅತ್ತಿಗೆ ಬೂದಿಯಲ್ಲಿ ಹೊರಳಿಸಿ ಒಣಗಿಸಿದ ಮೊಗೆಕಾಯಿ ಬೀಜ, ಹರಿವೆ, ಹೀರೆ, ಬೆಂಡೆ ಬೀಜಗಳನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಪೊಟ್ಟಣ ಕಟ್ಟಿ, ಪ್ರತಿಯೊಂದರ ಮೇಲೂ ಹೆಸರು ಬರೆದು ಇಟ್ಟಿದ್ದಾರೆ. ಅವನ್ನು ಪೆಟ್ಟಿಗೆಯಿಂದ ತೆಗೆಸುವ ಕೆಲಸ ನನ್ನ ಪಾಲಿಗೆ ಬಂತು. ಅಮೆರಿಕಕ್ಕೆ ಬಿತ್ತನೆಯ ಬೀಜ ಒಯ್ಯಬೇಕಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹಸಿ ಕರಿಬೇವಿಗಂತೂ ಪ್ರವೇಶವೇ ಇಲ್ಲ. ನಮ್ಮ ಕಡೆಯ ಹೆಚ್ಚಿನ ತರಕಾರಿಗಳ ಬೀಜ ಅಲ್ಲಿಯೇ ಸಿಗುತ್ತದೆ, ಅಂಗಡಿಯಿಂದ ತಂದ ಬಸಳೆಯ ದಂಟನ್ನು ನೀರಿನಲ್ಲಿಟ್ಟರೆ ಬೇರು ಬಿಡುತ್ತದೆ ಎಂದು ಹೇಳಿದ ಮೇಲೆ ಅತ್ತಿಗೆ ಕೇಳಿದ ಪ್ರಶ್ನೆ ಒಂದೇ: “ಅಲ್ಲಿ ಯಾವ ಮಳೆಗೆ ಬೀಜ ಹಾಕೂದು?”

ಈ ಪ್ರಶ್ನೆಗೆ ಸರಿಯಾದ ಉತ್ತರ ತಿಳಿಯಲು ನನಗೆ ಮೂರು ವರ್ಷ ಹಿಡಿದಿತ್ತು. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯಲ್ಲಿ ಸಹ, ನಮ್ಮ ಹಿತ್ತಿಲಿನ ಲೆಕ್ಕವೆಲ್ಲ ಮಳೆಯದು; ರೋಹಿಣಿಯಲ್ಲಿ ನೆಲ ಹಸನು ಮಾಡಿ, ಜೂನ್ 7–8ರ ಹೊತ್ತಿಗೆ ಹುಟ್ಟುವ ಮೃಗಶಿರ ಮಳೆಗೆ ಬೀಜ ಹಾಕಿದರೆ ಉಳಿದದ್ದನ್ನು ಆಕಾಶ ನೋಡಿಕೊಳ್ಳುತ್ತದೆ. ಚಳಿಯಿಂದ ಗಿಡ ಸಾಯಬಹುದು ಎಂಬ ಯೋಚನೆ ನಮಗೆ ಬರುವುದೇ ಇಲ್ಲ. ನ್ಯೂಜರ್ಸಿಯಲ್ಲಿ ಮಳೆ ವರ್ಷವಿಡೀ ಹೆಚ್ಚುಕಡಿಮೆ ಹಂಚಿ ಬೀಳುತ್ತದೆ. ಅಲ್ಲಿ ಬಿತ್ತನೆಯ ಎರಡು ಗಡಿಗಳನ್ನು ಹಾಕುವುದು ವಸಂತದ ಕೊನೆಯ ಫ್ರಾಸ್ಟ್ ಮತ್ತು ಶರತ್ಕಾಲದ ಮೊದಲ ಫ್ರಾಸ್ಟ್, ಅಂದರೆ ಇಬ್ಬನಿ ಎಲೆಯ ಮೇಲೆಯೇ ಹೆಪ್ಪುಗಟ್ಟುವ ರಾತ್ರಿಗಳು. ಮಧ್ಯ ನ್ಯೂಜರ್ಸಿಯಲ್ಲಿ ಮೊದಲಿನದು ಸಾಮಾನ್ಯವಾಗಿ ಏಪ್ರಿಲ್ ಉತ್ತರಾರ್ಧದಿಂದ ಮೇ ಆರಂಭದೊಳಗೆ, ಎರಡನೆಯದು ಅಕ್ಟೋಬರ್‌ನ ಮಧ್ಯದ ನಂತರ.

ನನ್ನ ಎರಡನೆಯ ವಸಂತದಲ್ಲಿ ಏಪ್ರಿಲ್ ಮೂರನೆಯ ವಾರ ನಾಲ್ಕು ದಿನ ಸತತವಾಗಿ ಅಂಕೋಲೆಯ ಫೆಬ್ರುವರಿಯಂಥ ಬಿಸಿಲು ಬಿತ್ತು. ಕಿಟಕಿಯ ಬಳಿ ಬೆಳೆಸಿದ ಹದಿನಾರು ಬೆಂಡೆ ಸಸಿಗಳನ್ನು ಖುಷಿಯಿಂದ ಹೊರಗೆ ನೆಟ್ಟೆ. ಐದನೆಯ ರಾತ್ರಿ ಆಕಾಶ ಶುಭ್ರವಾಗಿತ್ತು, ಗಾಳಿಯಿರಲಿಲ್ಲ. ಮುನ್ಸೂಚನೆಯಲ್ಲಿ 36 ಡಿಗ್ರಿ ಫ್ಯಾರನ್‌ಹೀಟ್ ಎಂದಿದ್ದುದರಿಂದ, ನೀರು ಹೆಪ್ಪುಗಟ್ಟಲು 32ಕ್ಕೆ ಇಳಿಯಬೇಕಲ್ಲ ಎಂದುಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ಎಲೆಗಳು ಬಾಡಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ದಂಟಿಗೆ ಅಂಟಿಕೊಂಡಿದ್ದವು. ಅಂಥ ರಾತ್ರಿ ನೆಲದ ಮಟ್ಟದಲ್ಲಿ ಗಾಳಿ ಮುನ್ಸೂಚನೆಯ ಅಂಕಿಗಿಂತ ತಣ್ಣಗಿರುತ್ತದೆ ಎಂಬುದನ್ನು ಪಕ್ಕದ ಮನೆಯ ಅಜ್ಜಿ ಆಮೇಲೆ ತಿಳಿಸಿದರು. ಸಂಜೆಯೇ ಹಳೆಯ ಪಂಚೆಯನ್ನೋ ಚಾದರವನ್ನೋ ಹೊದಿಸಿ ಅಂಚಿಗೆ ಕಲ್ಲು ಇಟ್ಟಿದ್ದರೆ ಸಸಿಗಳು ಉಳಿಯುತ್ತಿದ್ದವು. ಪ್ಲಾಸ್ಟಿಕ್ ಹೊದಿಸುವುದಾದರೆ ಅದು ಎಲೆಗೆ ತಾಗಬಾರದು.

ಆದ್ದರಿಂದ ನೀವು ಕೊಳ್ಳಬೇಕಾದ ಮೊದಲ ಸಾಧನ ಮಣ್ಣಿಗೆ ಚುಚ್ಚುವ ಥರ್ಮಾಮೀಟರ್. ಬೆಳಿಗ್ಗೆ ಎಂಟು–ಒಂಬತ್ತರ ಹೊತ್ತಿಗೆ ಎರಡು ಮೂರು ಅಂಗುಲ ಆಳದಲ್ಲಿ ನಾಲ್ಕೈದು ದಿನ ಅಳೆಯಿರಿ. ಮಣ್ಣು 45–50 ಡಿಗ್ರಿ (ಇಲ್ಲಿ ಹೇಳುವ ಡಿಗ್ರಿಗಳೆಲ್ಲ ಫ್ಯಾರನ್‌ಹೀಟ್) ಇದ್ದರೂ ಬಟಾಣಿ, ಮೂಲಂಗಿ, ಪಾಲಕ್ ಮೊಳೆಯುತ್ತವೆ, ಕೊತ್ತಂಬರಿಯೂ ಸ್ವಲ್ಪ ತಡವಾಗಿ ಬರುತ್ತದೆ. ಇವೆಲ್ಲ ಚಳಿಯ ಬೆಳೆಗಳು, ಸೆಕೆ ಏರಿದರೆ ಕೊತ್ತಂಬರಿ ಎಲೆ ಕೊಡುವುದನ್ನು ಬಿಟ್ಟು ಹೂವಿಗೆ ಹೋಗುತ್ತದೆ. ಬೆಂಡೆಗೆ ಕನಿಷ್ಠ 65 ಡಿಗ್ರಿ ಬೇಕು. ಹೀರೆ, ಹಾಗಲ, ಬಸಳೆಗಳಿಗೆ ರಾತ್ರಿಯೂ 55ಕ್ಕಿಂತ ಕೆಳಗಿಳಿಯದ ಹವೆ ಬೇಕಾದ್ದರಿಂದ ಅವನ್ನು ಮೇ ಉತ್ತರಾರ್ಧಕ್ಕೆ ಮೊದಲು ಹೊರಗೆ ನೆಡುವ ಆತುರ ಬೇಡ. ಮನೆಯೊಳಗೆ ಬೆಳೆದ ಸಸಿಗೆ ಒಂದು ವಾರ ದಿನಕ್ಕಷ್ಟು ಹೊತ್ತು ಹೊರಗಿನ ಗಾಳಿ, ಬಿಸಿಲು ಅಭ್ಯಾಸ ಮಾಡಿಸಿಯೇ ನೆಲಕ್ಕಿಳಿಸಬೇಕು.

ಹವೆ ಬಿಸಿಯಾಗುತ್ತಿದೆಯಲ್ಲ, ಬೇಗ ನೆಟ್ಟರೇನು ಎಂದು ಹೊಸಬರು ಕೇಳುತ್ತಾರೆ. ಅಮೆರಿಕದ ಕೃಷಿ ಇಲಾಖೆ 2023ರ ನವೆಂಬರ್‌ನಲ್ಲಿ ಹೊರತಂದ ವಲಯ ನಕ್ಷೆಯಲ್ಲಿ ದೇಶದ ಸುಮಾರು ಅರ್ಧ ಭಾಗ ಹಿಂದಿನದಕ್ಕಿಂತ ಅರ್ಧ ವಲಯದಷ್ಟು ಬೆಚ್ಚಗಾಗಿರುವುದು ನಿಜ. ಆದರೆ ಆ ನಕ್ಷೆ ಹೇಳುವುದು 1991ರಿಂದ 2020ರವರೆಗಿನ ಚಳಿಗಾಲಗಳ ಅತಿ ತಣ್ಣನೆಯ ರಾತ್ರಿಗಳ ಸರಾಸರಿಯನ್ನು, ಅಂದರೆ ಯಾವ ಬಹುವಾರ್ಷಿಕ ಗಿಡ ಬದುಕಿ ಉಳಿದೀತು ಎಂಬುದನ್ನು ಮಾತ್ರ. ಕೊನೆಯ ಫ್ರಾಸ್ಟ್ ಯಾವಾಗ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದೇ 2023ರ ಮೇ 18ರ ಬೆಳಗಿನ ಜಾವ ವರ್ಮಾಂಟ್, ನ್ಯೂಯಾರ್ಕ್‌ಗಳ ಸೇಬು, ದ್ರಾಕ್ಷಿ ತೋಟಗಳು ಫ್ರಾಸ್ಟ್‌ಗೆ ಸಿಕ್ಕಿ ನಷ್ಟ ಅನುಭವಿಸಿದವು. ಬೆಚ್ಚಗಿನ ಮಾರ್ಚ್ ಗಿಡಗಳನ್ನು ಬೇಗ ಚಿಗುರಿಸಿದಷ್ಟೂ ತಡವಾಗಿ ಬರುವ ಒಂದೇ ರಾತ್ರಿಯ ಚಳಿಗೆ ಹೆಚ್ಚು ಚಿಗುರು ಬಲಿಯಾಗುತ್ತದೆ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಅತ್ತಿಗೆಯದೇ. ಮುಂಗಾರು 2023ರಲ್ಲಿ ಕೇರಳಕ್ಕೆ ಜೂನ್ 8ಕ್ಕೆ ತಲುಪಿದರೆ 2025ರಲ್ಲಿ ಮೇ 24ಕ್ಕೇ ತಲುಪಿತು. ಹೀಗೆ ಮೃಗಶಿರ ನಂಬಿಕೆಗೆ ಉಳಿಯದಿರುವುದರಿಂದ ಅವರು ಯಾವ ಬೀಜವನ್ನೂ ಒಂದೇ ಸಲಕ್ಕೆ ಹಾಕುವುದಿಲ್ಲ. ಅರ್ಧ ಬಿತ್ತಿ, ಹದಿನೈದು ದಿನ ಕಳೆದು ಉಳಿದರ್ಧ ಬಿತ್ತುತ್ತಾರೆ. ಮೊದಲ ಕಂತು ಕೊಳೆತರೆ ಎರಡನೆಯದು ಇರುತ್ತದೆ, ಎರಡೂ ಬಂದರೆ ಕೊಯ್ಲು ಒಂದೂವರೆ ತಿಂಗಳಿಗೆ ಹಬ್ಬುತ್ತದೆ. ನ್ಯೂಜರ್ಸಿಯಲ್ಲಿಯೂ ನಾನು ಬೆಂಡೆ, ಹರಿವೆ, ಅಲಸಂದೆಗಳನ್ನು ಹೀಗೆಯೇ ಹಾಕುತ್ತೇನೆ.

ಹವೆ ಎಷ್ಟು ಬದಲಾದರೂ ಬದಲಾಗದ ಸಂಗತಿಯೊಂದಿದೆ, ಅದು ಹಗಲಿನ ಉದ್ದ. ಜೂನ್‌ನಲ್ಲಿ ಕಾರವಾರದ ಹಗಲು ಸುಮಾರು 13 ಗಂಟೆ, ನ್ಯೂಜರ್ಸಿಯದು 15. ನಮ್ಮ ಅವರೆಯ ಬಳ್ಳಿ ಹಗಲು ಕುಗ್ಗುವವರೆಗೆ ಹೂ ಬಿಡುವುದಿಲ್ಲವಾದ್ದರಿಂದ ಬೇಸಿಗೆಯಿಡೀ ಬೇಲಿ ಹಬ್ಬಿ, ಸೆಪ್ಟೆಂಬರ್‌ನಲ್ಲಿ ಹೂವಾಗಿ, ಕಾಯಿ ಬಲಿಯುವ ಮೊದಲೇ ಫ್ರಾಸ್ಟ್‌ಗೆ ಸಿಗುತ್ತದೆ. ಕುಮಟಾದ ಸಿಹಿ ಈರುಳ್ಳಿಯ ಆಸೆಯನ್ನೂ ಬಿಡಿ. ನಮ್ಮ ಚಳಿಗಾಲದ ಚಿಕ್ಕ ಹಗಲಿಗೆ ಗಡ್ಡೆ ಕಟ್ಟುವ ತಳಿಗೆ ಅಲ್ಲಿಯ ಉದ್ದ ಹಗಲು ಸಿಕ್ಕರೆ ಗಿಡ ಬೆಳೆಯುವ ಮೊದಲೇ ಗೋಲಿಯಷ್ಟು ಗಡ್ಡೆ ಕಟ್ಟಿ ಮುಗಿಸುತ್ತದೆ. ಅಲ್ಲಿಗೆ ಹೊಂದುವುದು ಉದ್ದ ಹಗಲಿನ ತಳಿ.

ಮಳೆಯನ್ನೂ ಪೂರ್ತಿ ನಂಬುವಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ನ್ಯೂಜರ್ಸಿಗೆ ಮಳೆಯೇ ಬರಲಿಲ್ಲವೆನ್ನಬೇಕು. ನವೆಂಬರ್‌ನಲ್ಲಿ ಸರ್ಕಾರ ಬರದ ಎಚ್ಚರಿಕೆ ಹೊರಡಿಸಿತು. ಅಲ್ಲಿಯವರು ಚೀಲಕ್ಕೆ ತುಂಬಿ ರಸ್ತೆಬದಿಗಿಡುವ ಒಣ ಎಲೆ ನಮ್ಮ ದರಕೇ ಅಲ್ಲವೇ? ಶಿರಸಿಯ ತೋಟದವರ ಮಕ್ಕಳಿಗೆ ಅದರ ಬೆಲೆ ಹೇಳಬೇಕಾಗಿಲ್ಲ. ಗಿಡದ ಬುಡಕ್ಕೆ ಹೊದಿಸಿದರೆ ತೇವ ನಿಲ್ಲುತ್ತದೆ. ಮಣ್ಣು ಪರೀಕ್ಷೆಗೆ, ಸ್ಥಳೀಯ ಸಲಹೆಗೆ ರಟ್ಗರ್ಸ್ ವಿಶ್ವವಿದ್ಯಾಲಯದ ವಿಸ್ತರಣಾ ಕೇಂದ್ರಗಳನ್ನು ಕೇಳಬಹುದು.

ಕರಿಬೇವನ್ನು ಮಾತ್ರ ಎಂದಿಗೂ ನೆಲಕ್ಕಿಳಿಸದೆ ಕುಂಡದಲ್ಲಿಯೇ ಬೆಳೆಸಿ. ಸೆಪ್ಟೆಂಬರ್ ಕೊನೆಗೆ ರಾತ್ರಿ 50 ಡಿಗ್ರಿಗೆ ಇಳಿಯತೊಡಗಿದ ಕೂಡಲೇ ಒಳಗೆ ತಂದು ದಕ್ಷಿಣದ ಕಿಟಕಿಯ ಬಳಿ ಇಟ್ಟು ನೀರು ಕಡಿಮೆ ಮಾಡಿ. ಹೀಟರ್‌ನ ಒಣ ಗಾಳಿಗೆ ಡಿಸೆಂಬರ್‌ನಲ್ಲಿ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯಬಹುದು. ಸತ್ತಿತೆಂದು ಎಸೆಯಬೇಡಿ, ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಮಾರ್ಚ್‌ನಲ್ಲಿ ಚಿಗುರುತ್ತದೆ.