ಜುಕಿನಿಗೆ ಬೆಳಿಗ್ಗೆ ಬೇಗ ಏಳೋರು ಬೇಕು

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು. ನಿವೃತ್ತಿಯಾದರೂ ಬೆಳಗಿನ ಜಾವ ನಾಲ್ಕೂವರೆಗೆ ಕಣ್ಣು ತಾನೇ ಬಿಡುತ್ತದೆ. ಈ ಚಾಳಿ ಉಪಯೋಗಕ್ಕೆ ಬಂದಿದ್ದು ಹಿತ್ತಲಲ್ಲಿ ಜುಕಿನಿ, ಅಂದರೆ ಸೌತೆಕಾಯಿಯಂತೆ ಕಾಣುವ ಕುಂಬಳದ ಜಾತಿಯ ತರಕಾರಿ, ಹಾಕಿದ ಮೇಲೆ.

ಮಗಳು ಬೆಂಗಳೂರಿಂದ ಬೀಜದ ಪೊಟ್ಟಣ ತಂದಿದ್ದಳು. ಒಳಗೆ ಹತ್ತೇ ಬೀಜ. ಮೇಲೆ ‘ಸಮ್ಮರ್ ಸ್ಕ್ವಾಶ್’ ಅಂತ ಬರೆದಿತ್ತು. ಸಮ್ಮರ್ ಅಂದರೆ ಬೇಸಿಗೆ ತಾನೇ ಅಂದುಕೊಂಡು ಶಿವರಾತ್ರಿ ಮುಗಿಸಿ ಊರಿದೆ. ಚಿತ್ರದುರ್ಗದ ಬೇಸಿಗೆ ಗೊತ್ತಲ್ಲ, ರಾತ್ರಿ ಊಟ ಆದ ಮೇಲೂ ಬಂಡೆಗಳು ಕಾವು ಬಿಡುತ್ತಿರುತ್ತವೆ. ಗಿಡ ಹೂವೇನೋ ಬಿಟ್ಟಿತು, ಬಹುಪಾಲು ಗಂಡು ಹೂ. ಆಮೇಲೆ ಬೆರಳುದ್ದದ ಮಿಡಿ ನಾಲ್ಕೈದು ಬಂದವು. ಮೂರನೇ ದಿನಕ್ಕೆ ಹಳದಿಯಾಗಿ, ತುದಿ ಕೊಳೆತು ಉದುರಿದವು. ಗೊಬ್ಬರದ ಅಂಗಡಿಯವನೊಬ್ಬ ಟಾನಿಕ್ ಅಂತ 280 ರೂಪಾಯಿಯ ಬಾಟಲಿ ಕೊಟ್ಟ. ಸಿಂಪಡಿಸಿದೆ. ಎಲೆ ಮೊರದಗಲ ಆದವು, ಕಾಯಿ ಒಂದೂ ನಿಲ್ಲಲಿಲ್ಲ.

‘ಸಮ್ಮರ್ ಸ್ಕ್ವಾಶ್’ ಅನ್ನೋ ಹೆಸರು ಚಳಿ ದೇಶದವರದ್ದು. ಚಳಿಗಾಲಕ್ಕೆ ಕೂಡಿಡುವ ಕುಂಬಳದ ಹಾಗಲ್ಲ, ಎಳೆಯದಾಗಿದ್ದಾಗಲೇ ಬೇಸಿಗೆಯಲ್ಲಿ ತಿಂದು ಮುಗಿಸುವ ಕಾಯಿ ಅಂತ ಅವರು ಹಾಗೆ ಕರೆದರು. ನಮಗೆ ಇದು ಚಳಿಗಾಲದ ಬೆಳೆ. ದೀಪಾವಳಿ ಮಳೆ ನಿಂತ ಮೇಲೆ ಊರಿ, ಜನವರಿ ಒಳಗೆ ಬಿತ್ತನೆ ಮುಗಿಸಿ. ಸೆಕೆ ಜಾಸ್ತಿಯಾದಷ್ಟೂ ಗಂಡು ಹೂ ಹೆಚ್ಚು, ಹೆಣ್ಣು ಹೂ ಕಡಿಮೆ. ಜೂನ್, ಜುಲೈ ಕೂಡ ಬೇಡ. ಎಲೆಯ ದೇಟು ಒಳಗೆ ಟೊಳ್ಳು. ಜೋಗಿಮಟ್ಟಿ ಕಡೆ ಗಾಳಿಯಂತ್ರ ತಿರುಗಿಸುವ ಗಾಳಿಗೆ ಲಟಕ್ಕನೆ ಮುರಿಯುತ್ತದೆ.

ಒಂದೂವರೆ ಅಡಿ ಗುಂಡಿ ತೆಗೆಯಿರಿ. ಕೆಂಪು ಮಣ್ಣಿಗೆ ಒಂದು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ ಮುಚ್ಚಿ. ಬೀಜ ಒಂದಿಂಚು ಆಳಕ್ಕೆ ಹೋದರೆ ಸಾಕು, ವಾರದೊಳಗೆ ಮೊಳಕೆ ಕಾಣುತ್ತದೆ. ಇದು ಬಳ್ಳಿಯಾಗಿ ಹಬ್ಬುವುದಿಲ್ಲ, ನಿಂತಲ್ಲೇ ಪೊದೆಯಾಗುತ್ತದೆ. ಆದರೂ ಗಿಡದಿಂದ ಗಿಡಕ್ಕೆ ಮೂರು ಅಡಿ ಬಿಡಿ. ತಾರಸಿಯಾದರೆ ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಚೀಲ ಬೇಕು. ಪೇಂಟ್ ಡಬ್ಬಿ ಇದಕ್ಕೆ ಸಣ್ಣದಾಯಿತು.

ನೀರು ಬುಡಕ್ಕೆ ಮಾತ್ರ, ಎಲೆಗೆ ಬೇಡ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಹಾಕಿ. ನಮ್ಮ ಬೀದಿಗೆ ನಲ್ಲಿ ನೀರು ದಿನಾ ಬರೋದಿಲ್ಲ. ಹಾಗಾಗಿ ಚಳ್ಳಕೆರೆಯ ನೆಂಟರಿಂದ ಒಂದು ಚೀಲ ಶೇಂಗಾ ಹೊಟ್ಟು ತರಿಸಿ ಬುಡದ ಸುತ್ತ ಎರಡಿಂಚು ಹರಡಿದ್ದೇನೆ. ಕಾಂಡಕ್ಕೆ ತಾಗದ ಹಾಗೆ ಹರಡಬೇಕು. ತೇವ ಉಳಿಯುತ್ತದೆ, ಕಾಯಿ ಮಣ್ಣಿಗೆ ತಾಗಿ ಕೊಳೆಯುವುದೂ ತಪ್ಪುತ್ತದೆ. ಮಧ್ಯಾಹ್ನ ಎಲೆ ಜೋತು ಬಿದ್ದರೆ ಕೊಡ ಹಿಡಿದು ಓಡಬೇಡಿ. ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ.

ಇನ್ನು ಮುಖ್ಯವಾದದ್ದು ಹೂ. ಬಿತ್ತಿದ ಐದಾರು ವಾರಕ್ಕೆ ಶುರು. ಮೊದಲು ಬರುವುದು ಗಂಡು ಹೂ. ಉದ್ದನೆಯ ಸಣ್ಣ ತೊಟ್ಟು, ಕೆಳಗೆ ಏನೂ ಇಲ್ಲ. ಹೆಣ್ಣು ಹೂ ಗಿಡ್ಡ, ಹೂವಿನ ಕೆಳಗೇ ಪುಟಾಣಿ ಜುಕಿನಿ ಅಂಟಿಕೊಂಡಿರುತ್ತದೆ. ಅದನ್ನು ನೋಡಿ ಕಾಯಿ ಕಚ್ಚಿತು ಅಂತ ನಾನು ಸಿಹಿ ಹಂಚೋದೊಂದು ಬಾಕಿ ಇತ್ತು. ಅದಿನ್ನೂ ಕಾಯಲ್ಲ. ಗಂಡು ಹೂವಿನ ಪರಾಗ ತಾಗದಿದ್ದರೆ ಹಳದಿಯಾಗಿ ಉದುರುತ್ತದೆ. ನನ್ನ ಟಾನಿಕ್ಕಿಗೆ ಕಾಯಿ ನಿಲ್ಲದಿದ್ದದ್ದು ಇದಕ್ಕೇ.

ಜೇನು ಬಂದರೆ ನಮಗೆ ಕೆಲಸವಿಲ್ಲ. ನಮ್ಮ ಹಿತ್ತಲಿಗೆ ಅವು ಬರುವುದೇ ಅಪರೂಪ. ಅದಕ್ಕೆ ಆರು ಗಂಟೆಗೆ ಚಹಾ ಲೋಟ ಹಿಡಿದು ನಾನೇ ಹೋಗುತ್ತೇನೆ. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ದಳ ಬಿಡಿಸಿ ಹಾಕಿದರೆ ನಡುವಿನ ಹಳದಿ ದಂಡ ಉಳಿಯುತ್ತದೆ. ಬೆರಳಿಗೆ ಅರಿಶಿನದ ಪುಡಿಯಂತೆ ಹತ್ತಿದರೆ ಪರಾಗ ಸರಿಯಾಗಿದೆ ಅಂತ. ಅದನ್ನು ಹೆಣ್ಣು ಹೂವಿನ ಒಳಗೆ, ಹೋಳಾದಂತೆ ಕಾಣುವ ಅಂಟು ಅಂಟಾದ ಗುಬ್ಬಿಗೆ ಸುತ್ತಲೂ ಮೆಲ್ಲಗೆ ಸವರಿ. ಒಂದು ಗಂಡು ಹೂ ಎರಡು ಹೆಣ್ಣು ಹೂವಿಗೆ ಸಾಕು. ಎಂಟರೊಳಗೆ ಮುಗಿಸಿ. ಬಿಸಿಲೇರಿದರೆ ಹೂ ಮುದುಡುತ್ತದೆ, ಮತ್ತೆ ಅರಳುವುದಿಲ್ಲ. ನಮ್ಮೂರಿನ ಹಳ್ಳಿ ಬಸ್ಸಿನ ಹಾಗೆ, ತಪ್ಪಿದರೆ ಆ ದಿನಕ್ಕೆ ಇನ್ನೊಂದಿಲ್ಲ. ಒಂದೇ ಗಿಡ ಹಾಕಿದರೆ ಗಂಡು, ಹೆಣ್ಣು ಎರಡೂ ಒಂದೇ ದಿನ ಸಿಗದೆ ಪೇಚಾಡುತ್ತೀರಿ. ಮೂರು ಗಿಡವಾದರೂ ಇರಲಿ. ಮಿಕ್ಕ ಗಂಡು ಹೂಗಳನ್ನು ನಮ್ಮ ಮನೆಯವರು ಕಡ್ಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡುತ್ತಾರೆ.

ಎಲೆಯ ನರದ ಪಕ್ಕ ಬೆಳ್ಳಿ ಬಣ್ಣದ ಮಚ್ಚೆ ಕಂಡರೆ ಹೆದರಬೇಡಿ, ಅನೇಕ ತಳಿಗಳಿಗೆ ಅದು ಹುಟ್ಟು ಬಣ್ಣ. ಬೆರಳಿಂದ ಒರೆಸಿದಾಗ ಬಿಳಿ ಹಿಟ್ಟು ಹತ್ತಿದರೆ ಅದು ಬೂದಿ ರೋಗ. ಆ ಎಲೆ ಕತ್ತರಿಸಿ ಹಾಕಿ, ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿ. ಹಣ್ಣು ನೊಣಕ್ಕೆ ನನ್ನ ಉಪಾಯ ಹಳೇ ಪೇಪರ್. ಪರಾಗ ಸವರಿದ ಮೂರನೇ ದಿನ ಮಿಡಿಗೆ ಸಡಿಲವಾಗಿ ಸುತ್ತಿ ದಾರ ಕಟ್ಟುತ್ತೇನೆ. ನೊಣ ಚುಚ್ಚಿದ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ, ಹುಳು ಅಲ್ಲೇ ಬೆಳೆದು ನೊಣವಾಗಿ ವಾಪಸ್ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡಿ.

ಅರಳಿದ ವಾರದೊಳಗೆ ಕಾಯಿ ಆರೇಳು ಇಂಚು ಆಗುತ್ತದೆ. ಆಗಲೇ ಚಾಕುವಿನಿಂದ ಕೊಯ್ಯಿರಿ. ದೊಡ್ಡದಾಗಲಿ ಅಂತ ಬಿಟ್ಟರೆ ಗಿಡ ಹೊಸ ಕಾಯಿ ಬಿಡುವುದನ್ನೇ ಕಡಿಮೆ ಮಾಡುತ್ತದೆ. ಹೋಳು ಮಾಡಿ ಒಗ್ಗರಣೆಗೆ ಹಾಕಿ, ಶೇಂಗಾ ಪುಡಿ ಉದುರಿಸಿದರೆ ರೊಟ್ಟಿಗೆ ಒಳ್ಳೇ ಪಲ್ಯ. ನೀರು ಹಾಕೋದೇ ಬೇಡ.

ಹೋದ ಸಲ ಎಲೆಯ ಮರೆಯಲ್ಲಿ ಒಂದು ಕಾಯಿ ಕಣ್ಣು ತಪ್ಪಿಸಿಕೊಂಡು ಸೋರೆಕಾಯಿಯಷ್ಟಾಗಿ ಸಿಪ್ಪೆ ಗಟ್ಟಿಯಾಗಿತ್ತು. ಪಕ್ಕದ ಮನೆ ಅಜ್ಜಿ ನೋಡಿ, ‘ಇದೇನ್ರೀ ಕಂಡಕ್ಟ್ರೇ, ಸೌತೆಕಾಯಿನೂ ಅಲ್ಲ, ಕುಂಬಳಕಾಯಿನೂ ಅಲ್ಲ’ ಅಂತ ಎತ್ತಿಕೊಂಡು ಹೋದರು. ಅದರ ಬೀಜ ಒಣಗಿಸಿ ಡಬ್ಬಿಗೆ ಹಾಕಿಟ್ಟಿದ್ದಾರೆ. ಹೈಬ್ರಿಡ್ ಬೀಜ ಅಜ್ಜಿ, ಇದೇ ಥರದ ಕಾಯಿ ಬರೋದಿಲ್ಲ ಅಂದರೂ ಕೇಳಲಿಲ್ಲ. ಕಾಯಿ ಕಹಿ ಇದ್ದರೆ ಒಂದು ಹೋಳೂ ತಿನ್ನಬೇಡಿ, ಬೇಯಿಸಿದರೂ ಆ ಕಹಿ ಹೋಗಲ್ಲ, ಹೊಟ್ಟೆ ಕೆಡುತ್ತದೆ ಅಂತ ಮಾತ್ರ ಎರಡೆರಡು ಸಲ ಹೇಳಿ ಬಂದಿದ್ದೇನೆ.